ಬೇವಿನ ಬುಡಕ್ಕೆ ಉಪ್ಪು

ಬೇವಿನ ಬೀಜ ಯಾರಿಗೂ ಕಾಯುವುದಿಲ್ಲ. ಹಣ್ಣಾಗಿ ಉದುರಿದ ಹದಿನೈದು ಇಪ್ಪತ್ತು ದಿನದೊಳಗೆ ಮಣ್ಣು ಸೇರಿದರೆ ಅದು ಬೀಜ. ತಿಂಗಳುಗಟ್ಟಲೆ ಬಿಟ್ಟರೆ ಗಾಣಕ್ಕೆ ಹಾಕುವ ಸರಕು, ಅಷ್ಟೇ. ಈ ಮಾತನ್ನು ನಮ್ಮ ಓವರ್‌ಸಿಯರ್ ಸಾಹೇಬರಿಗೆ ನಾನು ಮೂರು ಸಲ ಹೇಳಿದೆ. ಆದರೆ ಕಚೇರಿಯಿಂದ ಒಂದು ಗೋಣಿಚೀಲ ಬಂದಿತ್ತು, ಅದರ ಬಾಯಿಗೆ ಅರಗಿನ ಸೀಲು ಬಿದ್ದಿತ್ತು. ಒಳಗಿದ್ದದ್ದು ಹಿಂದಿನ ವರ್ಷ ಆರಿಸಿ ಉಗ್ರಾಣದಲ್ಲಿ ಇಟ್ಟಿದ್ದ ಬೀಜ. ಒಂದನ್ನು ಹಲ್ಲಲ್ಲಿ ಕಡಿದು ನೋಡಿದೆ. ಒಳಗಿನ ತಿರುಳು ಹಳದಿಗೆ ತಿರುಗಿ ಮುಗ್ಗಲು ವಾಸನೆ ಬರುತ್ತಿತ್ತು.

"ಸೀಲು ಹಾಕಿ ಕಳಿಸಿದ ಬೀಜ ಹುಟ್ಟಲ್ಲ ಅಂತೀಯೇನಯ್ಯಾ?" ಅಂದರು ಸಾಹೇಬರು.

"ಸೀಲು ಬೇಕಾದ್ರೆ ಹುಟ್ಟೀತು ಸಾಹೇಬ್ರೆ, ಬೀಜ ಹುಟ್ಟಲ್ಲ."

"ಎಷ್ಟನೇ ಕ್ಲಾಸು ಓದೀಯ?"

"ನಾಲ್ಕು."

"ಹಂಗಾದ್ರೆ ಐದನೇ ಕ್ಲಾಸಿನಾಗೆ ಏನು ಹೇಳ್ಕೊಡ್ತಾರೋ ನಿಂಗೆ ಗೊತ್ತಿಲ್ಲ. ಸುಮ್ನೆ ಹಾಕು."

ಹಾಕಿದೆ. ಮಡಿ ಮಾಡಿ, ಗೊಬ್ಬರ ಕೊಟ್ಟು, ದಿನಕ್ಕೆರಡು ಹೊತ್ತು ನೀರು ಚಿಮುಕಿಸಿದೆ. ಇಪ್ಪತ್ತೈದು ದಿನ ಕಳೆದರೂ ಒಂದು ಮೊಳಕೆ ಏಳಲಿಲ್ಲ. ಸಾಹೇಬರು ಬಂದು ನೋಡಿ, ನೀರು ಹೆಚ್ಚಾಯ್ತು ಅಂದರು. ನೀರು ಹಾಕುವವನು ನಾನು, ಹಾಗಾಗಿ ತಪ್ಪೂ ನನ್ನದೇ ಆಯಿತು. ಅವತ್ತು ನುಂಗಿದ ಸಿಟ್ಟು ಇವತ್ತಿಗೂ ಪೂರಾ ಕರಗಿಲ್ಲ.

ಇದು ನಡೆದದ್ದು ಮೈಸೂರು ರಾಜ್ಯ ದೊಡ್ಡದಾಗಿ, ಆಣೆ ಹೋಗಿ ನಯಾಪೈಸೆ ಬಂದಿದ್ದ ಹೊಸತರಲ್ಲಿ. ನಾನಾಗ ಹರಿಹರದಿಂದ ದಾವಣಗೆರೆಗೆ ಹೋಗುವ ರಸ್ತೆಯ ಗ್ಯಾಂಗಿನಲ್ಲಿ ದಿನಗೂಲಿಯವನು. ಜಲ್ಲಿ ಒಡೆಯುವುದು, ಗುಂಡಿ ಮುಚ್ಚುವುದು, ಬದುವಿನ ಹುಲ್ಲು ಕೆತ್ತುವುದು ನಮ್ಮ ಕೆಲಸ. ಮಳೆಗಾಲ ಜೋರಾದರೆ ಗ್ಯಾಂಗು ನಿಲ್ಲುತ್ತಿತ್ತು, ಗ್ಯಾಂಗು ನಿಂತರೆ ಮನೆಯ ಒಲೆಯೂ ನಿಲ್ಲುತ್ತಿತ್ತು. ಖಾಯಂ ಆದವರಿಗೆ ಆ ಚಿಂತೆ ಇಲ್ಲ. ಅವರಿಗೆ ಹನ್ನೆರಡು ತಿಂಗಳೂ ಕೆಲಸ, ಮೈಮೇಲೆ ಖಾಕಿ ಅಂಗಿ. ನನ್ನ ಹೆಂಡತಿಯ ಅಣ್ಣ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಪಾಳಿ ಕೆಲಸಕ್ಕಿದ್ದ. ಹಬ್ಬಕ್ಕೆ ಬಂದಾಗಲೆಲ್ಲ, "ಏನಪ್ಪಾ, ನಿನ್ನ ರಸ್ತೆ ಇನ್ನೂ ದಾವಣಗೆರೆ ಮುಟ್ಟಿಲ್ವಾ?" ಅಂತ ಕುಟುಕುತ್ತಿದ್ದ. ಮಿಲ್ಲಿಗೆ ಸೇರಿಸುತ್ತೇನೆ ಬಾ ಅಂತಲೂ ಕರೆದಿದ್ದ. ಭಾವಮೈದುನನ ಕೈಹಿಡಿದು ಒಳಗೆ ಹೋಗುವವನಲ್ಲ ನಾನು. ಹೋಗಲಿಲ್ಲ.

ಆ ವರ್ಷ ರಸ್ತೆಯ ಎರಡೂ ಬದಿಗೆ ನೆರಳಿನ ಸಾಲು ಬೆಳೆಸಬೇಕು ಅಂತ ಹುಕುಂ ಬಂತು. ಒಬ್ಬೊಬ್ಬರಿಗೆ ಒಂದೊಂದು ಮೈಲಿ ಹಂಚಿದರು. ನನ್ನ ಮೈಲಿಗೆ ಎಪ್ಪತ್ತು ಗುಂಡಿ, ಎಪ್ಪತ್ತು ಬೇವು. ಗ್ಯಾಂಗಿನವರೆಲ್ಲರ ಎದುರಿಗೆ ಸಾಹೇಬರು ನನಗೆ ಹೇಳಿದರು: "ಮೂರು ಬೇಸಿಗೆ ದಾಟ್ಲಿ. ಎಪ್ಪತ್ತರಾಗೆ ಐವತ್ತು ನಿಂತಿದ್ರೆ ನಿನ್ನ ಹೆಸರನ್ನ ಖಾಯಂ ಪಟ್ಟಿಗೆ ಬರೀತೀನಿ." ಮಾತೇನೋ ದೊಡ್ಡದೇ. ಆಮೇಲೆ ಕೊಟ್ಟದ್ದು ಮಾತ್ರ ಆ ಸತ್ತ ಬೀಜದ ಚೀಲ.

ಮಡಿಯಲ್ಲಿ ಏನೂ ಏಳದಿದ್ದಾಗ ನಾನು ಕಚೇರಿಯ ದಾರಿ ಕಾಯಲಿಲ್ಲ. ಹರಿಹರದ ಸಂತೆ ಮೈದಾನದ ಅಂಚಿಗೆ ಒಂದು ಹಳೇ ಬೇವಿನ ಮರ ಇತ್ತು. ಆಷಾಢ ಮುಗಿಯುತ್ತಾ ಬಂದಿದ್ದರೂ ಅದರ ಬುಡದಲ್ಲಿ ಕೊನೆಯ ಹಣ್ಣುಗಳು ಇನ್ನೂ ಉದುರುತ್ತಿದ್ದವು. ಬೆಳಿಗ್ಗೆ ಕೆಲಸಕ್ಕೆ ಮುಂಚೆ ನಾನೂ ನನ್ನ ಹೆಂಡತಿಯೂ ಹೋಗಿ ಸೆರಗು ತುಂಬ ಆರಿಸಿ ತಂದೆವು. ಹಣ್ಣನ್ನು ನೀರಿನಲ್ಲಿ ಹಿಚುಕಿ, ಲೋಳೆ ತೊಳೆದು, ನೆರಳಲ್ಲಿ ಒಂದೇ ದಿನ ಆರಿಸಿ ಬಿತ್ತಿದೆವು. ಒಂಬತ್ತನೇ ದಿನಕ್ಕೆ ಮಣ್ಣು ಬಿರಿಯಿತು.

"ನಿಮ್ಮ ಸಾಹೇಬ್ರಿಗೆ ಹೇಳಿ ಬರ್ರಿ," ಅಂದಳು ಹೆಂಡತಿ.

"ನಾನು ಹೇಳೋದಿಲ್ಲ. ಅವ್ರೇ ನೋಡ್ಕೊಳ್ಳಿ."

ಸಾಹೇಬರು ನೋಡಿದರು. "ನೋಡಿದ್ಯಾ, ಸೀಲಿನ ಬೀಜ ಸ್ವಲ್ಪ ತಡ ಮಾಡಿ ಹುಟ್ತು," ಅಂದರು. ನಮ್ಮ ಮನೆ ಮುಂದಿನ ಒಡೆದ ಗಡಿಗೆಗಳಲ್ಲಿ ವರ್ಷ ಪೂರ್ತಿ ಸಸಿ ಬೆಳೆಸಿ, ಮರುವರ್ಷದ ಮಳೆಗೆ ಎಪ್ಪತ್ತನ್ನೂ ಗುಂಡಿಗೆ ಇಳಿಸಿದೆ.

ಬೇವು ಹಟಮಾರಿ ಗಿಡ. ಎರೆಮಣ್ಣಾದರೂ ಸರಿ, ಗರಸು ಮಣ್ಣಾದರೂ ಸರಿ, ಬೇರು ಇಳಿದಮೇಲೆ ತನ್ನ ಪಾಡಿಗೆ ತಾನು ಬದುಕುತ್ತದೆ. ಬೇರು ಇಳಿಯುವ ತನಕ ಮಾತ್ರ ಮಗುವಿನ ಹಾಗೆ ನೋಡಿಕೊಳ್ಳಬೇಕು. ನೀರಿನ ಪೀಪಾಯಿ ಹೊತ್ತ ಗಾಡಿ ಕಳಿಸುತ್ತೇವೆ ಅಂದಿದ್ದರು. ಆ ಗಾಡಿಯನ್ನು ನಾನು ಮೂರು ಬೇಸಿಗೆಯಲ್ಲಿ ನಾಲ್ಕು ಸಲ ಕಂಡಿರಬೇಕು. ಪಕ್ಕದ ಹೊಲದಲ್ಲಿ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯಿಂದ ಸೀಮೆಎಣ್ಣೆಯ ಎರಡು ಖಾಲಿ ಡಬ್ಬಗಳಲ್ಲಿ ನೀರು ತುಂಬಿ, ಬಿದಿರಿನ ಅಡ್ಡೆಗೆ ಕಟ್ಟಿ, ಹೆಗಲ ಮೇಲೆ ಹೊತ್ತು ಹಾಕಿದೆ. ಹೆಗಲಿನ ಚರ್ಮ ಎತ್ತಿನ ಹೆಗಲಿನ ಹಾಗೆ ಗಡಸಾಯಿತು. ಪ್ರತಿ ಗಿಡಕ್ಕೂ ಜಾಲಿ ಮುಳ್ಳಿನ ಬೇಲಿ ಸುತ್ತಿದೆ.

ನೀರಿನ ಕಷ್ಟವನ್ನು ತಡೆದುಕೊಂಡೆ. ತಡೆಯಲಾಗದೆ ಹೋದದ್ದು ಜನರ ಕೈಯನ್ನು.

ಬೇವು ಬೇಡದವರು ಈ ಸೀಮೆಯಲ್ಲಿ ಒಬ್ಬರೂ ಇರಲಿಲ್ಲ. ಹತ್ತಿ ಗಾಡಿಯವರು ದಾವಣಗೆರೆಗೆ ಹೋಗುತ್ತಾ ಹಲ್ಲುಜ್ಜಲು ಕಡ್ಡಿ ಮುರಿಯುತ್ತಿದ್ದರು. ಮಿಲ್ಲಿನ ಪಾಳಿಗೆ ಸೈಕಲ್ಲಿನಲ್ಲಿ ಹೋಗುವವರು ಒಂದು ಕಾಲು ನೆಲಕ್ಕೆ ಊರಿ, ಇಳಿಯದೆಯೇ ಕೈ ಚಾಚುತ್ತಿದ್ದರು. ಜೋಳ ತುಂಬಿಡುವ ಹಗೇವಿನ ಗುಂಡಿಗೆ ಹುಳ ಬೀಳದ ಹಾಗೆ ಹಾಕಲು ಸೊಪ್ಪು, ಬಾಣಂತಿಯ ನೀರಿಗೆ ಸೊಪ್ಪು, ತುರಿಕೆಗೆ ಅರೆಯಲು ಸೊಪ್ಪು, ಎತ್ತಿನ ಹುಣ್ಣಿಗೆ ಸೊಪ್ಪು, ಹರಕೆಯ ಬೇವಿನುಡುಗೆಗೆ ಹೊರೆಗಟ್ಟಲೆ ಸೊಪ್ಪು. ಯುಗಾದಿಯ ಹಿಂದಿನ ದಿನವಂತೂ ನನ್ನ ಪಾಲಿಗೆ ಸೂತಕ. ಊರೆಲ್ಲ ಬೇವು-ಬೆಲ್ಲ ತಿಂದು ಹೊಸ ವರ್ಷ ಮಾಡಿದರೆ ನನ್ನ ಗಿಡಗಳು ಬೋಳುತಲೆ ಮಾಡಿಕೊಂಡು ನಿಲ್ಲುತ್ತಿದ್ದವು. ಎಲೆ ಹೋದರೆ ಮತ್ತೆ ಬರುತ್ತದೆ. ಆದರೆ ಎಳೆಯ ಗಿಡದ ನಡುನೆತ್ತಿಯ ಕುಡಿ ಮುರಿದರೆ ಅದು ಮೇಲಕ್ಕೆ ಹೋಗುವುದಿಲ್ಲ, ಪೊದೆಯಾಗಿ ಅಡ್ಡಡ್ಡ ಬೆಳೆಯುತ್ತದೆ. ನೆರಳಿನ ಮರಕ್ಕೆ ನೆತ್ತಿಯೇ ಪ್ರಾಣ. ಇದನ್ನು ಎಷ್ಟು ಜನಕ್ಕೆ ಹೇಳಲಿ?

"ಸರ್ಕಾರದ ಗಿಡ ಅಲ್ವೇನಪ್ಪಾ, ನಿಮ್ಮಪ್ಪಂದಾ?" ಅನ್ನುವವರೇ ಎಲ್ಲ.

ಒಂದು ಸಲ ಬಸ್ ಸ್ಟೇಜಿನ ಹತ್ತಿರದ ಗಿಡದಿಂದ ಒಬ್ಬ ಹೆಣ್ಣುಮಗಳು ಮಡಿಲಿಗೆ ಸೊಪ್ಪು ತರಿದುಕೊಳ್ಳುತ್ತಿದ್ದಳು. ದೂರದಿಂದಲೇ ಬೈಯುತ್ತಾ ಓಡಿದೆ. ಅವಳು ತಿರುಗಿ ನಿಂತು, "ಮನ್ಯಾಗೆ ಮಗೀಗೆ ಅಮ್ಮ ಬಂದೈತಣ್ಣಾ, ಹಾಸೋಕೆ," ಅಂದಳು. ಸಿಡುಬಿನ ಮಗುವಿಗೆ ಬೇವಿನ ಸೊಪ್ಪು ಹಾಸಿ ಮಲಗಿಸುವ ಕಾಲ ಅದು. ಬದಿಯ ರೆಂಬೆಗಳನ್ನು ನಾನೇ ಕುಡುಗೋಲಿನಿಂದ ಸವರಿ ಕೊಟ್ಟೆ. ಅವಳಿಗೆ ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಬೇಸರ ಇನ್ನೊಂದಕ್ಕೆ. ಎಲ್ಲರಿಗೂ ಬೇಕಾದ ಈ ಮರವನ್ನು ತನ್ನ ಹಿತ್ತಲಿನಲ್ಲಿ ನೆಡುವ ಪುಣ್ಯಾತ್ಮ ಒಬ್ಬನಾದರೂ ಇರಬೇಕಲ್ಲ!

ಎರಡನೇ ಬೇಸಿಗೆ ಮುಗಿಯುವ ಹೊತ್ತಿಗೆ ಎಪ್ಪತ್ತರಲ್ಲಿ ಐವತ್ತೊಂದು ಉಳಿದಿದ್ದವು. ಮಾರನೇ ತಿಂಗಳು ಕಲ್ಲು ಹೇರಿದ ಗಾಡಿಯ ಅಚ್ಚು ತಾಗಿ ಇನ್ನೊಂದು ಮುರಿಯಿತು. ಐವತ್ತಾಯಿತು. ಇನ್ನು ಒಂದೂ ಹೋಗುವಂತಿಲ್ಲ. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುತ್ತಿದ್ದದ್ದು ಆ ಬಸ್ ಸ್ಟೇಜಿನ ಗಿಡವೇ. ಬಸ್ಸು ಕಾಯುವ ಜನಕ್ಕೆ ಕೈ ಸುಮ್ಮನಿರುತ್ತದೆಯೇ? ಅಲ್ಲೇ ಆಡುಗಳನ್ನು ನಿಲ್ಲಿಸಿ ಬೀಡಿ ಸೇದುವ ಕುರುಬನಿಗೆ ನಾನು ಕೈಮುಗಿದೆ, ಬೈದೆ, ಕೊನೆಗೆ ಕೋಲನ್ನೂ ಎತ್ತಿದೆ. ಅವನು ನಕ್ಕು, "ಆಡಿಗೆ ಹೇಳಣ್ಣಾ, ಅದು ನಿನ್ನಷ್ಟೇ ಓದೈತೆ," ಅಂದ.

ಅವತ್ತು ಸಾಯಂಕಾಲ ನಾನು ಹರಿಹರದ ಹೊಳೆಗೆ ಇಳಿದೆ. ಬೊಗಸೆ ಗಾತ್ರದ ಒಂದು ನುಣ್ಣನೆಯ ಕಪ್ಪು ಕಲ್ಲನ್ನು ಆರಿಸಿ, ಟವೆಲ್ಲಿನಲ್ಲಿ ಸುತ್ತಿಕೊಂಡೆ. ಅಂಗಡಿಯಲ್ಲಿ ಅರಿಸಿನ, ಕುಂಕುಮ ಕಟ್ಟಿಸಿದೆ. ಮರುದಿನ ಬೆಳಕು ಹರಿಯುವ ಮುಂಚೆ ಬಸ್ ಸ್ಟೇಜಿನ ಗಿಡದ ಬುಡದಲ್ಲಿ ಕಲ್ಲು ನೆಟ್ಟು, ಅರಿಸಿನ ಬಳಿದು, ಕುಂಕುಮ ಇಟ್ಟು, ಎರಡು ಕಣಗಿಲೆ ಹೂ ಏರಿಸಿ ಬಂದುಬಿಟ್ಟೆ. ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ನನ್ನ ಉಪಾಯ ನನ್ನೊಳಗೇ ಇರಲಿ ಅನ್ನುವುದು ಒಂದು. ಗಿಡ ಕಾಯುವುದಕ್ಕೆ ಆಗದೆ ದೇವರ ಕಾಲು ಹಿಡಿದ ಅಂತ ಯಾರಾದರೂ ಅಂದಾರು ಅನ್ನುವ ಬಿಂಕ ಇನ್ನೊಂದು.

ಎಂಟು ದಿನದೊಳಗೆ ಕೆಲಸವಾಯಿತು. ಅದೇ ಕುರುಬ ಅಲ್ಲಿಗೆ ಬಂದವನು ಬೀಡಿ ಎಸೆದು, ಆಡುಗಳನ್ನು ರಸ್ತೆಯ ಆಚೆ ಬದಿಗೆ ಹೊಡೆದುಕೊಂಡು ಹೋದ. ಸೈಕಲ್ಲಿನವರ ಕೈ ಕಡ್ಡಿಯ ಬದಲು ಹಣೆಗೆ ಹೋಗುತ್ತಿತ್ತು. ಸ್ಟೇಜಿನಲ್ಲಿ ಮಂಡಕ್ಕಿ, ಹುರಿಗಡಲೆ ಮಾರುತ್ತಿದ್ದ ಅಜ್ಜಿ ದಿನಾ ನೆಲ ಗುಡಿಸಿ, ಸಗಣಿ ನೀರು ಚಿಮುಕಿಸತೊಡಗಿದಳು. ಗಿಡ ಹೊಸ ಕುಡಿ ಬಿಟ್ಟಿತು, ನನ್ನ ತಲೆ ಮೀರಿ ಬೆಳೆಯಿತು. ನಾಲ್ಕನೇ ಕ್ಲಾಸಿನವನ ಬುದ್ಧಿ ಅಂದರೆ ಇದು ಅಂತ ನಾನು ದಿನಾ ಅದರ ಮುಂದೆ ಎದೆ ಸೆಟೆಸಿಕೊಂಡು ಹೋಗುತ್ತಿದ್ದೆ.

"ಈ ತಾಯಿ ಯಾವಾಗ ಬಂದ್ಲಜ್ಜಿ?" ಅಂತ ಒಮ್ಮೆ ಬೇಕೆಂದೇ ಕೇಳಿದೆ.

"ನೀನು ದಿನಾ ಇಲ್ಲೇ ಓಡಾಡ್ತೀಯ, ನಿನ್ನ ಕಣ್ಣಿಗೆ ಬಿದ್ದಿಲ್ವಾ? ನಾನು ಸೊಸೆಯಾಗಿ ಬಂದಾಗ್ಲಿಂದ ಐತೆ," ಅಂದಳು ಅಜ್ಜಿ. ಕಲ್ಲು ಇಟ್ಟು ಇನ್ನೂ ಎರಡು ತಿಂಗಳೂ ಆಗಿರಲಿಲ್ಲ.

ನಕ್ಕೆ. ಅವತ್ತು ನಗಬಾರದಾಗಿತ್ತು.

ಚಳಿಗಾಲ ಕಳೆಯುವ ಹೊತ್ತಿಗೆ ಯಾರಿಗೋ ಕೈಯ ಮೇಲಿನ ನರಹುಲಿ ಉದುರಿತಂತೆ. ಈ ತಾಯಿಗೆ ಉಪ್ಪು ಒಪ್ಪಿಸಿದ್ದಕ್ಕೇ ಉದುರಿತು ಅಂತ ಸುದ್ದಿಯಾಯಿತು. ಉಪ್ಪು ಕರಗಿದ ಹಾಗೆ ಮೈಯ ಪೀಡೆ ಕರಗುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಮಂಗಳವಾರ, ಶುಕ್ರವಾರ ಜನ ಬರತೊಡಗಿದರು. ನರಹುಲಿಗೆ ಉಪ್ಪು, ಕಜ್ಜಿಗೆ ಉಪ್ಪು, ದೃಷ್ಟಿಯಾದ ಎಮ್ಮೆಗೆ ಉಪ್ಪು. ಹರಳುಪ್ಪನ್ನು ಬೊಗಸೆಗಟ್ಟಲೆ ಕಲ್ಲಿನ ಮೇಲೆ ಸುರಿದು, ಮೇಲೆ ಒಂದು ಚೊಂಬು ನೀರು ಹೊಯ್ಯುತ್ತಿದ್ದರು. ಕರಗಿದ ಉಪ್ಪು ಎಲ್ಲಿಗೆ ಹೋಗುತ್ತದೆ? ನೇರವಾಗಿ ಬೇರಿಗೆ.

ಮೊದಲು ಎಲೆಯ ತುದಿ ಕಂದಿತು. ಆಮೇಲೆ ಅಂಚು ಸುಟ್ಟ ಹಾಗೆ ಕರಿದಾಯಿತು. ಬಿಸಿಲಿಗೆ ಬಾಡಿದೆ ಅಂದುಕೊಂಡು ನಾನು ಎರಡು ಡಬ್ಬ ನೀರು ಹೆಚ್ಚು ಹಾಕಿದೆ. ಆ ನೀರು ಉಪ್ಪನ್ನು ಇನ್ನೂ ಆಳಕ್ಕೆ ಇಳಿಸಿತು. ಬುಡದ ಮಣ್ಣಿನ ಮೇಲೆ ಬೆಳ್ಳಗೆ ಹೆಪ್ಪು ಕಟ್ಟಿದಾಗ ನಾಲಿಗೆಗೆ ಹಚ್ಚಿ ನೋಡಿದೆ, ಗೊತ್ತಾಯಿತು. ಸಾಹೇಬರು ಬಂದು ಎಣಿಸುವುದಕ್ಕೆ ಉಳಿದದ್ದು ಒಂದೂವರೆ ತಿಂಗಳು.

"ಅಜ್ಜೀ, ಉಪ್ಪು ಹಾಕಿದ್ರೆ ಗಿಡ ಸಾಯ್ತೈತೆ. ಜನಕ್ಕೆ ಬ್ಯಾಡ ಅಂತ ಹೇಳು."

"ತಾಯಿ ನೆರಳಿನ ಗಿಡ ಸಾಯ್ತದೇನೋ? ಬಿಡ್ತು ಅನ್ನು."

"ತಾಯಿಗೆ ಉಪ್ಪು, ಖಾರ ನಡೀತೈತೆ ಕಣಜ್ಜಿ, ಗಿಡಕ್ಕೆ ನಡಿಯಲ್ಲ."

"ಎಲೆ ಉದುರೋದು ತಾಯಿಗೆ ಮುನಿಸು ಬಂದೈತೆ ಅಂತ ಅರ್ಥ. ಇನ್ನೊಂದು ಪಾವು ಉಪ್ಪು ಜಾಸ್ತಿ ಒಪ್ಪಿಸಿದ್ರೆ ಸರಿ ಹೋಗ್ತದೆ," ಅಂದಳು ಅಜ್ಜಿ. ಅವತ್ತು ಸಂಜೆ ತಾನೇ ಒಂದು ಪಾವು ತಂದು ಹಾಕಿದಳು.

ಕಲ್ಲು ಇಟ್ಟವನು ನಾನೇ ಅಂತ ಕೂಗಿಬಿಡಬೇಕು ಅನ್ನಿಸಿತು. ಆದರೆ ಹೇಳಿದರೆ ಕಲ್ಲಿನ ಮಹಿಮೆ ಹೋಗುತ್ತದೆ, ಮಹಿಮೆ ಹೋದರೆ ಮಾರನೇ ದಿನ ಆಡು ಬರುತ್ತದೆ. ಹೇಳದಿದ್ದರೆ ಉಪ್ಪು. ಎರಡೂ ಕಡೆಯಿಂದ ನನ್ನನ್ನು ನಾನೇ ಕಟ್ಟಿಹಾಕಿಕೊಂಡಿದ್ದೆ. ಜನ ಇಲ್ಲದ ಹೊತ್ತು ನೋಡಿ ಉಪ್ಪನ್ನು ಕೆರೆದು ತೆಗೆಯತೊಡಗಿದೆ. ಬೆಳಿಗ್ಗೆ ತೆಗೆದರೆ ಮಧ್ಯಾಹ್ನಕ್ಕೆ ಮತ್ತೆ ಬಿದ್ದಿರುತ್ತಿತ್ತು. ಅದರಲ್ಲೂ ಮಂಗಳವಾರ ನಾನು ಎಷ್ಟು ಬೇಗ ಹೋದರೂ ನನಗಿಂತ ಮುಂಚೆ ಯಾರೋ ಬಂದು ಸುರಿದು ಹೋಗಿರುತ್ತಿದ್ದರು. ಒಂದು ಹಿಡಿಯಲ್ಲ, ಸೇರುಗಟ್ಟಲೆ. ಯಾರದು ಅಂತ ಹಿಡಿಯಲೇಬೇಕು ಅಂತ ಹಟ ಬಂತು.

ಆ ಮಂಗಳವಾರ ಕೋಳಿ ಕೂಗಿದಾಗ ಎದ್ದರೆ ಹೆಂಡತಿ ಪಕ್ಕದಲ್ಲಿ ಇರಲಿಲ್ಲ. ನೀರಿಗೆ ಹೋಗಿರಬೇಕು ಅಂದುಕೊಂಡು ಅಡ್ಡೆ ಹೆಗಲಿಗೇರಿಸಿ ಹೊರಟೆ. ಮೂಡಲು ಕೆಂಪಗಾಗುತ್ತಿತ್ತು, ದಾವಣಗೆರೆಯ ಮಿಲ್ಲಿನ ಕೂಗು ಗಾಳಿಯಲ್ಲಿ ಸಣ್ಣಗೆ ಕೇಳುತ್ತಿತ್ತು. ಗಿಡದ ಬುಡದಲ್ಲಿ ಒಬ್ಬ ಹೆಂಗಸು ನನಗೆ ಬೆನ್ನು ಮಾಡಿ ಕುಕ್ಕರಗಾಲಿನಲ್ಲಿ ಕೂತು, ಸೆರಗಿನಿಂದ ಉಪ್ಪು ಸುರಿಯುತ್ತಿದ್ದಳು.

"ಏಯ್!" ಅಂತ ಗದರಿದೆ.

ಅವಳು ತಿರುಗಿದಳು. ನನ್ನ ಹೆಂಡತಿ.

ಡಬ್ಬಗಳು ಹೆಗಲಿನಿಂದ ಜಾರಿ ರಸ್ತೆಯ ಮೇಲೆ ಬಿದ್ದವು. "ನೀನಾ? ಇಷ್ಟು ದಿನ ನೀನಾ?"

"ಕೂಗಬ್ಯಾಡ್ರಿ. ಹರಕೆ ನಿಮ್ಮ ಹೆಸರಿಂದೇ," ಅಂದಳು. "ನೀವು ಮಲಗಿದ್ದಾಗ ನಿಮಗೆ ನಿವಾಳಿಸಿ ತರ್ತೀನಿ. ಒಂಬತ್ತು ಮಂಗಳವಾರ ಒಪ್ಪಿಸ್ತೀನಿ, ಇವರ ಕೆಲಸ ಖಾಯಂ ಮಾಡವ್ವಾ ಅಂತ ಕೇಳ್ಕೊಂಡಿದ್ದೆ. ಇದು ಎಂಟನೇದು."

"ಆ ಕಲ್ಲು ಇಟ್ಟೋನು ನಾನೇ ಕಣೇ. ಹೊಳೆಯಿಂದ ತಂದಿದ್ದು. ಆಡು ತಿನ್ನಬಾರ್ದು ಅಂತ. ಈಗ ನೀವೆಲ್ಲ ಹಾಕೋ ಉಪ್ಪಿಗೇ ಗಿಡ ಸಾಯ್ತೈತೆ."

ಅವಳು ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. ಅಳುತ್ತಾಳೆ ಅಂದುಕೊಂಡೆ. ಅವಳಿಗೆ ಬಂದದ್ದು ಸಿಟ್ಟು.

"ಮತ್ತೆ ನಂಗ್ಯಾಕ ಹೇಳ್ಲಿಲ್ಲ? ಬೀಜ ಆರ್ಸೋಕೆ ನಾನು ಬೇಕು, ಗಡಿಗಿಗೆ ನೀರು ಹಾಕೋಕೆ ನಾನು ಬೇಕು. ಇದೊಂದು ಹೇಳಿದ್ರೆ ನಿಮ್ಮ ರುಮಾಲು ಬೀಳ್ತಿತ್ತಾ?"

ಬಿದ್ದ ಡಬ್ಬಗಳನ್ನು ಅವಳೇ ಎತ್ತಿಕೊಂಡು ಬಾವಿಯ ಕಡೆ ನಡೆದಳು.

ಅವತ್ತಿನಿಂದ ಇಬ್ಬರೂ ಉಪ್ಪು ತೊಳೆಯಲು ನಿಂತೆವು. ಮೇಲಿನ ಗೇಣು ಮಣ್ಣನ್ನು ಕೆತ್ತಿ ದೂರ ಚೆಲ್ಲಿದೆವು. ಅಗಲವಾದ ಪಾತಿ ಮಾಡಿ, ತುಂಬ ನೀರು ನಿಲ್ಲಿಸಿ, ಇಂಗಿದ ಮೇಲೆ ಮತ್ತೆ ತುಂಬಿಸಿದೆವು. ಕೆರೆಯ ಗೋಡುಮಣ್ಣು ತಂದು ಹಾಸಿದೆವು. ಕಲ್ಲನ್ನು ಮಾತ್ರ ಕದಲಿಸಲಿಲ್ಲ. ಕೇಳಿದವರಿಗೆ ಹೆಂಡತಿ, "ತಾಯಿಗೆ ಜಳಕ ಮಾಡಿಸ್ತಿದೀವಿ," ಅನ್ನುತ್ತಿದ್ದಳು. ಅವರು ಕೈಮುಗಿದು, ತಾವೂ ಒಂದು ಕೊಡ ನೀರು ತಂದು ಹೊಯ್ಯುತ್ತಿದ್ದರು. ಎರಡು ವರ್ಷ ಬಡಕೊಂಡರೂ ನನ್ನ ಗಿಡಗಳಿಗೆ ಒಂದು ಚೊಂಬು ನೀರು ಹಾಕದ ಜನ! ನೋಡಿ ಮೈ ಉರಿಯಿತು.

ಸಾಹೇಬರು ಸೈಕಲ್ಲಿನಲ್ಲಿ ಬಂದ ದಿನ ಗಿಡದ ಮುಕ್ಕಾಲು ಎಲೆ ಉದುರಿತ್ತು. ಆದರೆ ಕಾಂಡದ ಸಿಪ್ಪೆಯನ್ನು ಉಗುರಿನಿಂದ ಕೆರೆದರೆ ಒಳಗೆ ಹಸಿರಿತ್ತು, ಎರಡು ಕಡೆ ಕೆಂಪು ಚಿಗುರು ಇಣುಕಿತ್ತು. ಮೈಲಿಯ ಒಂದು ತುದಿಯಿಂದ ಎಣಿಸುತ್ತಾ ಬಂದರು. ಸ್ಟೇಜಿಗೆ ಬರುವ ಹೊತ್ತಿಗೆ ಬೇರೆಲ್ಲ ಮುಗಿದು ನಲವತ್ತೊಂಬತ್ತಾಗಿತ್ತು. ಅಜ್ಜಿ ಇದ್ದಳು, ಬಸ್ಸಿಗೆ ಕಾಯುವ ಏಳೆಂಟು ಜನ ಇದ್ದರು, ನೀರಿನ ಕೊಡ ಹೊತ್ತು ನನ್ನ ಹೆಂಡತಿಯೂ ನಿಂತಿದ್ದಳು.

ಸಾಹೇಬರು ಬೂಟು ಬಿಚ್ಚಿದರು. ಕಲ್ಲಿಗೆ ಕೈಮುಗಿದರು. ಮುಗಿಯಿತು, ಗೆದ್ದೆ ಅಂದುಕೊಂಡೆ.

"ಇದು ಐವತ್ತನೇದು ಸಾಹೇಬ್ರೆ. ಚಿಗುರು ನೋಡ್ರಿ, ಜೀವ ಐತೆ."

"ಜೀವ ಐತಯ್ಯಾ, ಇಲ್ಲ ಅಂದೋರ್ಯಾರು? ಆದ್ರೆ ಇದು ದೇವರ ಗಿಡ. ಇದನ್ನ ಸರ್ಕಾರದ ಪಟ್ಟಿಯಾಗೆ ಹೆಂಗೆ ಬರೀಲಿ? ರಸ್ತೆ ಬದಿ ಗುಡಿ ಎದ್ದೈತೆ ಅಂತ ನಾಳೆ ಯಾರಾದ್ರೂ ಅರ್ಜಿ ಹಾಕಿದ್ರೆ ನನ್ನ ಕುತ್ತಿಗಿಗೆ ಬರ್ತೈತೆ."

ಮೂರು ಬೇಸಿಗೆಯ ಬೆವರು ಒಮ್ಮೆಗೇ ತಲೆಗೇರಿತು. "ಯಾವ ದೇವ್ರು ಸಾಹೇಬ್ರೆ? ಆ ಕಲ್ಲು ಇಟ್ಟೋನು ನಾನು! ಹೊಳೆಯಿಂದ ತಂದು, ಅಂಗಡಿ ಕುಂಕುಮ ಬಳಿದು ಇಟ್ಟೆ. ಗಿಡ ಉಳೀಲಿ ಅಂತ."

ಜನ ನನ್ನ ಮೇಲೆ ಬೀಳುತ್ತಾರೆ ಅಂತ ಹಲ್ಲು ಕಚ್ಚಿ ನಿಂತೆ. ಯಾರೂ ಮಿಸುಕಲಿಲ್ಲ. ಅಜ್ಜಿ ಮಂಡಕ್ಕಿ ಬುಟ್ಟಿಯಿಂದ ಕೈ ತೆಗೆದು, "ಇಟ್ಟಿರ್ಬೋದು ಕಣಪ್ಪಾ. ಯಾವ ಕಲ್ಲು ತಾನೇ ಕಾಲಿದ್ದು ನಡಕೊಂಡು ಬಂದೈತೆ? ಎಲ್ಲಾನೂ ಯಾರೋ ಒಬ್ರು ತಂದಿಟ್ಟಿದ್ದೇ. ಇಷ್ಟು ಗಿಡದಾಗೆ ಇಲ್ಲೇ ತಂದಿಡು ಅಂತ ನಿಂಗೆ ಹೇಳಿದೋರು ಯಾರು, ಅದನ್ನ ಹೇಳು," ಅಂದಳು.

"ಆಡು!" ಅಂದೆ. "ಆಡು ಹೇಳ್ತು!"

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, ದನಿ ತಗ್ಗಿಸಿ, "ಸರಿ ಬಿಡು. ನೀನೇ ಇಟ್ಟಿದ್ದಾದ್ರೆ ನೀನೇ ತೆಗಿ. ಈಗ್ಲೇ ಎತ್ತಿ ಆ ಕಡೆ ಹಾಕು, ನನ್ನ ಕಣ್ಮುಂದೆ. ಐವತ್ತು ಅಂತ ಬರೀತೀನಿ," ಅಂದರು.

ಇಷ್ಟೇ ಕೆಲಸ. ಬೊಗಸೆ ಗಾತ್ರದ ಕಲ್ಲು. ನಾನು ಬಗ್ಗಿದೆ. ಕೈ ಇಟ್ಟೆ. ಕಲ್ಲು ನೀರು ಕುಡಿದು ತಣ್ಣಗಿತ್ತು. ಅಜ್ಜಿ ತಡೆಯಲಿಲ್ಲ. ನೋಡೋಣ, ಅದೇನು ಎತ್ತುತ್ತೀಯೋ ಅನ್ನುವ ಹಾಗೆ ನೋಡುತ್ತಾ ಕೂತಳು. ರಸ್ತೆಯ ಆಚೆ ಬದಿಯಲ್ಲಿ ಆ ಕುರುಬ ಕೋಲಿಗೆ ಗದ್ದ ಊರಿ ನಿಂತಿದ್ದ. ಅವನ ಆಡುಗಳು ಈ ಕಡೆಯೇ ನೋಡುತ್ತಿದ್ದವು. ಕಲ್ಲು ಎತ್ತಿದ ಗಳಿಗೆಯಿಂದ ಆ ಎರಡು ಕೆಂಪು ಚಿಗುರಿಗೆ ಎಷ್ಟು ದಿನದ ಆಯುಷ್ಯ? ನಾಳೆ ಸಾಯುವ ಗಿಡವನ್ನು ಇವತ್ತಿನ ಲೆಕ್ಕಕ್ಕೆ ತೋರಿಸಿ ಖಾಕಿ ಅಂಗಿ ಹಾಕಿಕೊಳ್ಳಬೇಕೇ? ಹೆಂಡತಿಯ ಕಡೆ ತಿರುಗಿದೆ. ಕೊಡದ ನೀರು ತುಳುಕಿ ಅವಳ ಭುಜ ತೋಯುತ್ತಿತ್ತು.

ಕೈ ಹಿಂದಕ್ಕೆ ತೆಗೆದೆ. ಅದು ಭಕ್ತಿ ಅಂತ ಯಾರೂ ತಿಳಿಯಬಾರದು. ನನಗೆ ಬಂದದ್ದು ಹಟ.

"ನಲವತ್ತೊಂಬತ್ತೇ ಬರ್ಕೊಳ್ರಿ ಸಾಹೇಬ್ರೆ."

ಅವರು ಬರೆದುಕೊಂಡರು. "ಆನಗೋಡು ಕಡೆ ಗ್ಯಾಂಗಿನೋನು ಐವತ್ತೈದು ಉಳಿಸಿದಾನಂತೆ ಕಣಯ್ಯಾ. ಒಂದಕ್ಕೆ ಕೆಡಿಸ್ಕೊಂಡೆ," ಅಂದು, ಬೂಟು ಹಾಕಿಕೊಂಡು, ಸೈಕಲ್ ಹತ್ತಿ ದಾವಣಗೆರೆಯ ಪಿ.ಜೆ. ಬಡಾವಣೆಯ ತಮ್ಮ ಮನೆಗೆ ಹೋದರು. ಮರುವರ್ಷ ಅವರಿಗೆ ವರ್ಗವಾಯಿತು. ಹೊಸದಾಗಿ ಬಂದವರಿಗೆ ಐವತ್ತು ಗಿಡದ ಮಾತೇ ಗೊತ್ತಿರಲಿಲ್ಲ. ಅಂಥ ಕಾಗದವೇ ಇಲ್ಲ ಅಂದರು. ಇರಲಿಲ್ಲ ನಿಜ. ಅದು ಬರೀ ಬಾಯಿಮಾತಾಗಿತ್ತು. ಭಾವಮೈದುನ ಆ ಯುಗಾದಿಗೆ ಬಂದು ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡು, "ಈ ಬೇವು ನಿಂದಾ, ಸರ್ಕಾರದ್ದಾ?" ಅಂದ. ಅವನಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ.

ಸ್ಟೇಜಿನ ಗಿಡ ಬದುಕಿತು. ಆದರೆ ಉಪ್ಪು ಪೂರಾ ನಿಲ್ಲಲಿಲ್ಲ. ನಾನು ಗಿಡದಿಂದ ಎಂಟು ಮಾರು ದೂರ ಒಂದು ಚಪ್ಪಡಿ ಹಾಕಿ, ಸುಣ್ಣದಿಂದ "ಉಪ್ಪು ಇಲ್ಲಿ ಹಾಕಿ" ಅಂತ ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಬರೆದೆ. ಓದಲು ಬಾರದವರು ಓದಲಿಲ್ಲ, ಓದಲು ಬರುವವರು ನಕ್ಕರು. ಕೊನೆಗೆ ಒಂದು ದಿನ ಹೆಂಡತಿ ಹೋಗಿ ಆ ಚಪ್ಪಡಿಗೂ ಒಂದು ಬೊಟ್ಟು ಕುಂಕುಮ ಇಟ್ಟು ಬಂದಳು. ಮರುವಾರದಿಂದ ಉಪ್ಪೆಲ್ಲ ಅಲ್ಲಿಗೇ ಬಿತ್ತು. ಅಷ್ಟು ದಿನ ನಾನು ಬಾಯಿ ನೋಯಿಸಿಕೊಂಡು ಹೇಳಿದರೂ ಆಗದ್ದನ್ನು ಅವಳು ಒಂದು ಬೊಟ್ಟಿನಲ್ಲಿ ಮುಗಿಸಿದಳು.

ನಾನು ಖಾಯಂ ಆದದ್ದು ಆ ಎಣಿಕೆಯಾದ ಆರು ವರ್ಷದ ಮೇಲೆ. ಗಿಡಕ್ಕಲ್ಲ. ಡಾಂಬರು ಕಾಯಿಸುವ ಒಲೆಯ ಮುಂದೆ ಯಾರೂ ನಿಲ್ಲುವುದಿಲ್ಲ, ನಾನು ನಿಲ್ಲುತ್ತೇನೆ ಅನ್ನುವ ಕಾರಣಕ್ಕೆ. ಖಾಕಿ ಅಂಗಿ ಕೈಗೆ ಬಂದ ಮೇಲಿನ ಮೊದಲ ಮಂಗಳವಾರ ಹೆಂಡತಿ ಬೆಳಿಗ್ಗೆಯೇ ಸೆರಗಿನಲ್ಲಿ ಉಪ್ಪು ಕಟ್ಟಿಕೊಂಡು ನಿಂತಿದ್ದಳು.

"ಒಂಬತ್ತನೇ ಮಂಗಳವಾರ ಬಾಕಿ ಐತೆ," ಅಂದಳು.

"ಆರು ವರ್ಷ ಆತಲ್ಲೇ. ಅದೂ ನಾನು ಇಟ್ಟ ಕಲ್ಲು."

"ಹರಕೆ ನಂದು. 'ಯಾವಾಗ' ಅಂತ ನಾನು ಕೇಳ್ಕೊಂಡಿರ್ಲಿಲ್ಲ."

ಹೋದೆವು. ಗಿಡ ಮರವಾಗಿತ್ತು, ಅದರ ನೆರಳಿನಲ್ಲಿ ಬಸ್ಸು ನಿಂತಿತ್ತು. ಅವಳು ಉಪ್ಪನ್ನು ಚಪ್ಪಡಿಯ ಮೇಲೆ ಸುರಿದಳು. ನಾನು ಎರಡು ಡಬ್ಬ ನೀರು ತಂದು ಬೇರಿಗೆ ಹೊಯ್ದೆ. ಅಷ್ಟು ದೊಡ್ಡ ಬೇವಿಗೆ ಯಾರೂ ನೀರು ಹಾಕಬೇಕಾಗಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.